ಉಳ್ಳಾಗಡ್ಡಿ ಬಾಕಿ

ಅಮರಗೋಳದ ಮಾರ್ಕೆಟ್ಟು, ದಲಾಲಿ ಅಂಗಡಿಯ ಅಟ್ಟ.
ಮೂರು ದಿನದಿಂದ ಇಲ್ಲಿ ನಾನು, ಒಂದು ಪಿಎಚ್‌ಪಿ ಫೈಲು,
ಕೆಳಗಿನಿಂದ ಏರಿ ಬರುವ ಮೆಣಸಿನಕಾಯಿ ಘಾಟು.

ಮೊದಲು ಬರೆದವ ಫಂಕ್ಷನ್ನುಗಳಿಗೆ ಇಟ್ಟ ಹೆಸರು:
ಮಾಡು. ಮಾಡು೨. ಹೊಸಮಾಡು. ಖರೇಮಾಡು.
ಏನ್ ಮಾಡಬೇಕೋ ತಮ್ಮಾ?
ಅಂಕಿಯಿಂದ ಶುರುವಾಗಬಾರದು, ನಡುವೆ ಸಂದಿರಬಾರದು,
ಪಿಎಚ್‌ಪಿ ಕೇಳುವುದು ಇಷ್ಟೇ.
ದೊಡ್ಡಕ್ಷರದಲ್ಲಿ ಒದರಿ, ಸಣ್ಣಕ್ಷರದಲ್ಲಿ ಪಿಸುಗುಟ್ಟಿ,
ಹಮಾಲಿ ದ್ಯಾಮಣ್ಣನ ಹಾಗೆ ಓ ಅನ್ನುತ್ತದೆ.

ನಿನ್ನೆ ಉಳ್ಳಾಗಡ್ಡಿ ಸಾಲುಗಳನ್ನು ಆರಿಸಲು
ಒಂದು ರೆಗೆಕ್ಸ್ ಬರೆದೆ. ಆರಿಸಿತು.
ಚೀಲಗಳ ಜೊತೆ ಶಂಕ್ರೆಪ್ಪ ಉಳ್ಳಾಗಡ್ಡಿಯವರನ್ನೂ
ಕ್ವಿಂಟಲಿಗೆ ಇಷ್ಟು ಅಂತ ತೂಗಿಬಿಟ್ಟಿತು.
ನಮ್ಮ ಕಡೆ ಮಾಲೇ ಮನೆತನದ ಹೆಸರು,
ಅದಕ್ಕೇನು ಗೊತ್ತು.

ಸಾಲಿನ ತಲೆಗೆ ಟೋಪಿ, ಬುಡಕ್ಕೆ ಡಾಲರ್ ಹಾಕಿ ಬಿಗಿದೆ:
'ಉಳ್ಳಾಗಡ್ಡಿ ಸಣ್ಣದು' ಹೊರಗುಳಿಯಿತು.
ಚುಕ್ಕಿಗೆ ನಕ್ಷತ್ರ ಕೊಟ್ಟು ಸಡಿಲಿಸಿದೆ:
ಪಂಕ್ತಿಗೆ ಕೂತ ಬೀಗರ ಹಾಗೆ
ಸಾಲಿನ ಕೊನೆತನಕ ಉಂಡೇ ಎದ್ದಿತು.
ಕಡೆಗೆ, ಹಿಂದೆ ಹೊರಳಿ ನೋಡು ಎಂದೆ:
ಹಿಂದೆ 'ಪ್ಪ' ಇದ್ದರೆ ಮನುಷ್ಯ, ಇಲ್ಲದಿದ್ದರೆ ಮಾಲು.

ಸಂಜೆ ನಿಚ್ಚಣಿಕೆ ಕಿರುಗುಟ್ಟಿತು.
"ನನ್ನ ಬಾಕಿ ಎಲ್ಲಿ ಹೋತವಾ?"
ಕಲ್ಲವ್ವ ಉಳ್ಳಾಗಡ್ಡಿ.
ಹುಡುಕಿದೆ. ಚೀಲಗಳ ನಡುವೆ ಕೂತಿದ್ದಳು, ದರ್ಜೆ ಎರಡು.

ಒಂದು ನಿಂತ ಗೀಟು, ಅದರಾಚೆ 'ವ್ವ'.
ಬೇಕಾದದ್ದು ಇಷ್ಟೇ ಇತ್ತು.
ಬರೆದವಳು ನಾನು, ಮರೆತವಳೂ.

ಫಂಕ್ಷನ್ನಿಗೆ ಇನ್ನೂ ಹೆಸರಿಟ್ಟಿಲ್ಲ.
ತೊಟ್ಟಿಲ ಮುಂದೆ ಸೋದರತ್ತೆ
ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುವಾಗ
ಅವಳ ಬೆನ್ನಿಗೇ ಯಾಕೆ ಗುದ್ದುತ್ತಾರೆ,
ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ.
ಬೆರಳಿಟ್ಟು ಒತ್ತಿದೆ: ಇವರು_ಮಾಲಲ್ಲ.
ಬೆನ್ನು ಚುರುಕ್ ಅಂತು.
ಕುರ್ಚಿಯದೇ ಇರಬೇಕು.