ಹೆಬ್ಬೆರಳಿನ ತೂಕ

ಮೊದಲು ಆ ಗೋಡೆಯ ಬಗ್ಗೆ ಹೇಳಬೇಕು.
ದೊಬ್ರುಜಾ ಬಯಲಿನ ಒಂದು ಕಣಜ, ಐವತ್ತೊಂದನೇ ಇಸವಿ,
ಕೆಂಪು ಬಣ್ಣ ಅರ್ಧಕ್ಕೇ ಮುಗಿದುಹೋಯಿತು.
ಎಲ್ಲರೂ ಕೈಲಾದಷ್ಟು ದುಡಿಯಲಿ ಎಂಬಲ್ಲಿಗೆ ಕುಂಚ ನಿಂತಿತು.
ಯಾರಿಗೆಷ್ಟು ಬೇಕೋ ಅಷ್ಟು ಕೊಡುವ ಉಳಿದರ್ಧಕ್ಕೆ
ಬಣ್ಣ ವಾರ್ನಾದಿಂದ ಬರಬೇಕಿತ್ತು.
ಬಾಗಿಲ ಮೇಲಿನ 'ನಾಳೆ ಬಾ' ಹಾಗೆ
ಆ ಖಾಲಿ ಸುಣ್ಣ ಮೂವತ್ತೆಂಟು ವರ್ಷ
ಬಂದವರನ್ನೆಲ್ಲ ಹಿಂದಕ್ಕೆ ಕಳಿಸುತ್ತಿತ್ತು.

ಗೋಡೆಯ ಕೆಳಗೆ ತಕ್ಕಡಿ. ತಕ್ಕಡಿಯ ಹಿಂದೆ ತೊನ್ಕಾ.

ಅವಳು ನಂಬಿದ್ದಳು. ಇದನ್ನು ಮುಚ್ಚಿಡುವುದು ಬೇಡ.
ಅಪ್ಪ ಧಣಿಯ ಗೋಧಿ ಕೊಯ್ದು ಸವೆದವನು;
ಧಣಿಯ ಕೊಳಗಕ್ಕೆ ಎರಡು ತಳ,
ಕೊಳ್ಳುವಾಗ ಒಂದು, ಕೊಡುವಾಗ ಇನ್ನೊಂದು.
ಹಾಗಾಗಿ, ಪಟ್ಟಣದಿಂದ ಬಂದ ಸಂಗಾತಿ ಗಂಚೇವ್
ಸೀಮೆಸುಣ್ಣದಲ್ಲಿ ಹತ್ತು ಗಂಟೆಗೆ ಹತ್ತು ಗೆರೆ ಎಳೆದು
ನಾಲ್ಕನ್ನು ಅಂಗೈಯಿಂದ ಒರೆಸಿ
'ಇವು ಎಲ್ಲಿಗೆ ಹೋದವು?' ಎಂದಾಗ
ಆ ಸಭೆಯಲ್ಲಿ ಉತ್ತರ ಗೊತ್ತಿದ್ದವಳು ಅವಳು.
ಪುಸ್ತಕ ಓದಿ ಅಲ್ಲ,
ಕೊಳಗದೊಳಗೆ ಕೈಯಿಟ್ಟು ನೋಡಿ.

ರುಸಿ ತಾತ ಎತ್ತು ಒಪ್ಪಿಸಲು ಬಂದ ದಿನ ಮಂಜು.
ಮೂರು ರಾತ್ರಿ ಅವನನ್ನು ಕಚೇರಿಯಲ್ಲಿ ನಿಲ್ಲಿಸಿ
'ಸ್ವಂತ ಇಚ್ಛೆಯಿಂದ' ಎಂಬ ಕಾಗದಕ್ಕೆ
ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.
'ತೂಗು' ಅಂದ.
'ಎತ್ತನ್ನು ಯಾರಾದರೂ ತೂಗುತ್ತಾರಾ ತಾತ?'
'ಇನ್ನು ಇದು ಎಲ್ಲರದ್ದು ತಾನೆ.
ಎಲ್ಲರದ್ದಾದ ಮೇಲೆ ಎಷ್ಟು ಉಳಿಯುತ್ತೆ, ನೋಡಬೇಕು.'
ಗಾಡಿ ತೂಗುವ ಹಲಗೆ ಹತ್ತಿಸಿದರು. ಐನೂರ ಎಂಬತ್ತು ಕಿಲೊ.
ವಸಂತದಲ್ಲಿ ನಾನೂರ ಹತ್ತು.
ಅದನ್ನೂ ಬರೆದಿಟ್ಟಳು, ಬೇರೆ ಪುಸ್ತಕದಲ್ಲಿ.

ದುಡಿದ ದಿನಕ್ಕೊಂದು ಗೀಟು,
ವರ್ಷದ ಕೊನೆಗೆ ಗೀಟಿಗಿಷ್ಟು ಗೋಧಿ.
ಸಿದ್ಧಾಂತದ ಮಾತು ಅಂದವಾಗಿಯೇ ಇತ್ತು, ಲೆಕ್ಕವೂ ತಪ್ಪಿರಲಿಲ್ಲ.
ಆದರೆ ಗೀಟಿಗೆ ಹೊಟ್ಟೆಯಿಲ್ಲ.
ಮೊದಲು ಸರ್ಕಾರದ ಪಾಲು, ಆಮೇಲೆ ಬೀಜದ್ದು,
ಆಮೇಲೆ ಟ್ರ್ಯಾಕ್ಟರಿನದು, ಮತ್ತೆ ಸರ್ಕಾರದ್ದು, ಹೋದ ವರ್ಷದ ಬಾಕಿ.
ಅಳೆದೂ ಸುರಿದೂ
ಜನಕ್ಕೆ ಉಳಿದದ್ದು ಕಣ ಗುಡಿಸಿದ್ದು.

ಸ್ತಾನಾ ಬಂದಳು. ಐದು ಮಕ್ಕಳು, ತೊಂಬತ್ತು ಗೀಟು.
ಗಂಡ ಡ್ಯಾನ್ಯೂಬಿನ ನಡುಗಡ್ಡೆಯ ಶಿಬಿರಕ್ಕೆ ಹೋದವನು
ತನ್ನ ಕೋಟನ್ನು ಮಾತ್ರ ವಾಪಸು ಕಳಿಸಿದ್ದ.
ಕೈಲಾದಷ್ಟು ದುಡಿದಿದ್ದಳು. ಕೈಲಾದದ್ದು ಅಷ್ಟೇ.
ಮೂಟೆ ಒಂದು ತಟ್ಟೆಗೆ, ಕಲ್ಲು ಇನ್ನೊಂದಕ್ಕೆ.
ಯಾರೂ ಹೇಳದೆ, ತೊನ್ಕಾಳನ್ನೂ ಕೇಳದೆ
ಅವಳ ಬಲಗೈ ಹೆಬ್ಬೆರಳು
ಕಲ್ಲಿನ ತಟ್ಟೆಯ ಅಂಚಿಗೆ ಹೋಗಿ ಕೂತಿತು.

ಆರು ಚಳಿಗಾಲ ಕೂತಿತು.
ಕ್ಷಯದ ಹುಡುಗ ಬಂದಾಗ. ಒಂಟಿಗಾಲಿನ ಸಿಪಾಯಿ ಬಂದಾಗ.
(ಅವನು ಕುಡುಕ; ಆದರೂ.)
ಗೋಡೆ ಬರೆಯದೆ ಬಿಟ್ಟ ಅರ್ಧ
ಆ ಹಳ್ಳಿಯಲ್ಲಿ ಜಾರಿಗೆ ಬಂದದ್ದು
ಒಂದು ಉಗುರಿನಗಲ ಜಾಗದಲ್ಲಿ ಮಾತ್ರ.

ಕಡತ ಅದನ್ನು ಜನತೆಯ ಸ್ವತ್ತಿನ ಕಳವು ಎಂದು ಕರೆಯಿತು.
ಗಂಚೇವ್ ಓದಿದ, ಕಣ್ಣೆತ್ತದೆ.
ಅವನೂ ನಂಬಿದವನೇ, ಅದೇ ಕಷ್ಟ.
ಒಂದು ವರ್ಷ ಎಂಟು ತಿಂಗಳು.
ಅಲ್ಲಿ ಬೀಟ್ ಗಡ್ಡೆ ಅಗೆಯುವ ಕೆಲಸ. ಅಲ್ಲೂ ಒಂದು ತಕ್ಕಡಿ,
ಅದರ ಮೇಲೆ ಬೇರೆಯವರ ಬೆರಳು.

ತೊಂಬತ್ತೆರಡರಲ್ಲಿ ಎಲ್ಲವನ್ನೂ ಮತ್ತೆ ಹಂಚಿದರು.
ಸಮಿತಿಯವರು ಚೀಟಿ ಎತ್ತಿದರು.
ರುಸಿಯ ಮೊಮ್ಮಗನಿಗೆ ಎತ್ತಿನ ಬಾಬ್ತು ಸಿಕ್ಕಿದ್ದು
ಹಾಲು ಕರೆಯುವ ಯಂತ್ರದಲ್ಲಿ ಮೂರನೇ ಒಂದು ಭಾಗ.
ತಕ್ಕಡಿ ಗುಜರಿಗೆ ಹೋಯಿತು.
ಗುಜರಿಯವ ಅದನ್ನು ತನ್ನ ಹೊಸ ತೂಕದ ಯಂತ್ರಕ್ಕೆ ಏರಿಸಿ
ಬೂಟಿನ ತುದಿಯಿಂದ ಕೆಳಗಿನಿಂದ ಮೆಲ್ಲಗೆ ಎತ್ತಿ ಹಿಡಿದ.
ತೊನ್ಕಾ ನೋಡಿದಳು. ಜೋರಾಗಿ ನಕ್ಕಳು.
'ಎರಡನೇ ತಳ' ಅಂದಳು. ಅವನಿಗೆ ಅರ್ಥವಾಗಲಿಲ್ಲ.

ಸೋಫಿಯಾದಲ್ಲಿ ಚರಿತ್ರೆ ಓದುವ ಮೊಮ್ಮಗಳು
ಟೇಪು ಹಚ್ಚಿ ಕೇಳುತ್ತಾಳೆ:
'ಅಜ್ಜೀ, ನೀನು ನಿಜವಾಗಿ ನಂಬಿದ್ದೆಯಾ?'
ಟೇಪಿನಲ್ಲಿ ಬಹಳ ಹೊತ್ತು ಕೋಳಿಗಳ ಸದ್ದು.
ಆಮೇಲೆ:
'ಶನಿವಾರ ಶನಿವಾರ ಅದಕ್ಕೆ ಎಣ್ಣೆ ಹಾಕುತ್ತಿದ್ದೆ.'