ಖಾಲಿ ಗಾಡಿಯ ತೂಕ

ಹತ್ತೊಂಬತ್ತು ಹಂಗಾಮು ಆಯಿತು ಈ ಕಿಟಕಿಯಲ್ಲಿ ಕೂತು.
ಎದುರಿಗೆ ತೂಕದ ಸೇತುವೆ, ಅದರಾಚೆ ಟ್ರ್ಯಾಕ್ಟರು,
ಅದರ ಹಿಂದೆ ಟ್ರ್ಯಾಕ್ಟರು, ನಡುವೆ ಎತ್ತಿನ ಗಾಡಿ ಎರಡೋ ಮೂರೋ,
ಬೀಡಿಯ ಕೆಂಪು ಚುಕ್ಕಿಗಳು ಗೇಟಿನಾಚೆಯ ತಿರುವಿನವರೆಗೆ.
ತುಂಬಿದ್ದು ಹತ್ತುತ್ತದೆ, ಬರೆಯುತ್ತೇನೆ.
ಖಾಲಿಯಾಗಿ ಬರುತ್ತದೆ, ಬರೆಯುತ್ತೇನೆ.
ಕಳೆದು ಉಳಿದದ್ದು ಕಬ್ಬು.
ನನ್ನ ವಿದ್ಯೆ ಅಷ್ಟೇ ಇತ್ತು: ಪಿಯುಸಿ, ಮತ್ತು ಈ ಕಳೆಯುವ ಲೆಕ್ಕ.

ಒಂಬತ್ತು ವರ್ಷ ಚಿಕ್ಕವನು, ಬಿ.ಕಾಂ. ಹುಡುಗ ತೇಜಮೂರ್ತಿ,
ರಸೀದಿಯ ನಡುವೆ ಕಾರ್ಬನ್ ಇಡುವುದನ್ನು ಕಲಿಸಿದ್ದೇ ನಾನು,
ಒಂದು ಸೋಮವಾರ ನನ್ನ ರಜೆ ಚೀಟಿಗೆ ಸಹಿ ಹಾಕುವವನಾದ.
ಒಳ್ಳೆಯವನೇ. 'ಅಣ್ಣಾ' ಅಂತಲೇ ಕರೆದು ಸಹಿ ಹಾಕಿದ.
ಆ 'ಅಣ್ಣಾ' ಮಾತ್ರ ಕಬ್ಬಿನ ಸಿಬಿರಿನ ಹಾಗೆ
ಗಂಟಲಲ್ಲೇ ನಿಂತಿತು.

ನಲವತ್ತೆರಡಕ್ಕೆ ಮುಕ್ತ ವಿಶ್ವವಿದ್ಯಾಲಯದ ಫಾರಂ ತುಂಬಿದೆ.
ಜಯಶೀಲೆ ಬೈಯಲಿಲ್ಲ, ನಗಲೂ ಇಲ್ಲ.
ಫೀಜು ಎಷ್ಟು ಅಂತ ಕೇಳಿ, ಮಹಿಳಾ ಸಂಘದ ಪಾಸ್‌ಬುಕ್ಕು ತಂದು
ಅಕ್ಕಿ ಡಬ್ಬದ ಮೇಲಿಟ್ಟಳು.
ತೂಕದ ಮನೆಯವರು ನಕ್ಕರು. ಕರಿಬೋರನದ್ದೇ ಜೋರು:
'ಏನ್ ಚಲುವಣ್ಣ, ರಿಟೈರಾಗೋ ಹೊತ್ಗೆ ಕಲೆಕ್ಟ್ರಾಗೀಯಾ?'

ರಾತ್ರಿ ಪಾಳಿ. ಒಂದು ಗಾಡಿ ಇಳಿದು ಇನ್ನೊಂದು ಹತ್ತುವ ನಡುವೆ
ನಾಲ್ಕು ನಿಮಿಷ. ನಾಲ್ಕು ನಿಮಿಷಕ್ಕೆ ಅರ್ಧ ಪುಟ.
ಪುಟದ ಅಂಚಿಗೆಲ್ಲ ಚಿಮಣಿಯ ಬೂದಿ, ಕಾಕಂಬಿಯ ನಾತ.
ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ.
ಮೂರನೇ ಸಲ ಪರೀಕ್ಷೆಗೆ ಮೈಸೂರಿನ ಬೆಳಗಿನ ರೈಲು.
ಎದುರು ಸೀಟಲ್ಲೊಬ್ಬ ನರ್ಸಮ್ಮ, ಪಾಳಿ ಮುಗಿಸಿದ ಕಣ್ಣು,
ಮಡಿಲಲ್ಲಿ ಅದೇ ಹಸಿರು ರಟ್ಟಿನ ಪುಸ್ತಕ.
ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬೋಗಿಯೆಲ್ಲ
ಕಾವೇರಿಗೆ ಕೈಮುಗಿದು ತುಟಿ ಅಲ್ಲಾಡಿಸಿತು.
ನಾವೂ ಅಲ್ಲಾಡಿಸಿದೆವು. ನಮ್ಮದು ಮಾನಕ ವಿಚಲನೆಯ ಸೂತ್ರ.

ಪಾಸಾಗುವ ಮೊದಲೇ ಅದು ಕೆಲಸಕ್ಕೆ ಬಂತು.
ಹನಕೆರೆಯ ಮರಿಸಿದ್ದಯ್ಯನದು ಒಂದೇ ಟ್ರೈಲರು,
ಖಾಲಿ ತೂಕ ಮಾತ್ರ ದಿನಕ್ಕೊಂದು.
ಮೂವತ್ತೊಂದು ರಾತ್ರಿ ಬರೆದಿಟ್ಟೆ, ಸರಾಸರಿ ತೆಗೆದೆ,
ಗೀಟೆಳೆದು ನೋಡಿದರೆ ಎರಡು ಗಂಟೆಯ ಮೇಲೆ
ಅಂಕಿ ಸೊನ್ನೆಗೆ ಮರಳುತ್ತಲೇ ಇರಲಿಲ್ಲ.
ಮುಂಚೆ ತುಂಬಿ ಬಂದವನು ಆಮೇಲೆ ಖಾಲಿಯಾಗಿ ಬಂದರೆ
ಇಳಿದ ಕಬ್ಬಿನಲ್ಲಿ ಅರ್ಧ ಹೊರೆ ಗಾಡಿಯ ಲೆಕ್ಕಕ್ಕೆ.
ಖಾಲಿ ಗಾಡಿ ಭಾರವಾದಷ್ಟೂ ರೈತನ ಬೆವರು ಹಗುರ.

ಹತ್ತೊಂಬತ್ತು ಹಂಗಾಮು ಇದೇ ಅಂಕಿ ಬರೆದ ಕೈ ನನ್ನದು.

ತೇಜಮೂರ್ತಿ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.
ಇಪ್ಪತ್ತು ದಿನ ಸುದ್ದಿಯಿಲ್ಲ. ಆಮೇಲೆ ಯಾರೋ ಬಂದು
ಹಲಗೆ ಎತ್ತಿ, ಅಡಿಯ ಕೆಸರು, ರವದಿ, ಸತ್ತ ಹಾವೊಂದನ್ನು ತೆಗೆದು ಹೋದರು.
ಯಾರ ಹೆಸರನ್ನೂ ಎಲ್ಲೂ ಬರೆಯಲಿಲ್ಲ.

ಪದವಿ ಬಂತು. ಬಡ್ತಿ ಜ್ಯೇಷ್ಠತೆಯ ಪಟ್ಟಿಯಲ್ಲಿ ಕೂತಿದೆ.
ಸಂಬಳಕ್ಕೆ ಸಾವಿರದ ನೂರ ಅರವತ್ತು ಸೇರಿತು.
ಫೀಜು, ರೈಲು, ಕಡಿತವಾದ ರಜೆ ಕೂಡಿಸಿ ಲೆಕ್ಕ ಹಾಕಿದೆ:
ಅಸಲು ಹುಟ್ಟಲು ಇನ್ನೂ ಎರಡು ವರ್ಷ.

ಗಾಡಿಯಿಲ್ಲದ ಒಂದು ನಸುಕಿನಲ್ಲಿ, ಯಾರೂ ಇಲ್ಲದಾಗ,
ಪದವಿ ಪತ್ರ ಹಿಡಿದು ಸೇತುವೆಯ ಮೇಲೆ ನಿಂತೆ.
ಕಿಟಕಿಯ ಕೆಂಪು ಅಂಕಿ: ಅರವತ್ತು.
ಪತ್ರ ಕೆಳಗಿಟ್ಟು ಹತ್ತಿದೆ: ಅರವತ್ತು.
ಇಪ್ಪತ್ತು ಕಿಲೋಗಿಂತ ಕಡಿಮೆಯದು
ಈ ಯಂತ್ರದ ಕಣ್ಣಿಗೆ ಬೀಳುವುದಿಲ್ಲ.

ನಿನ್ನೆ ರಾತ್ರಿ ಕರಿಬೋರ ಕಿಟಕಿಗೆ ಬಂದ.
ಮಫ್ಲರು ಬಿಚ್ಚಿದ, ಮತ್ತೆ ಸುತ್ತಿದ, ಚಳಿಯನ್ನು ಬೈದ.
'ಅಣ್ಣಾ, ಆ ಫಾರಮ್ಮು ಎಲ್ ಸಿಕ್ತದೆ?
ನಂಗಲ್ಲ. ಅಂಗನವಾಡಿ ಐತಲ್ಲ, ನಮ್ಮನೇವ್ಳು,
ಸೂಪರ್‌ವೈಸರ್ ಆಗಕ್ಕೆ ಡಿಗ್ರಿ ಬೇಕಂತೆ.'

ಡ್ರಾಯರ್ ಎಳೆದೆ.
ಹಿಂದಿನ ಟ್ರ್ಯಾಕ್ಟರು ಹಾರನ್ನು ಹೊಡೆಯಿತು.
ತಾಳಪ್ಪ, ಅಂದೆ, ಒಸಿ ತಾಳು.