ಬೆಲ್ಟು ಕಟ್ಟದ ದಾರಿ

ಹೀಯುಮಾ ದ್ವೀಪಕ್ಕೆ ಹೋಗುವ ಹಡಗಿನ
ಟಿಕೆಟ್ಟಿನ ಜಾಲತಾಣ ಬದಲಾಗಬೇಕಂತೆ.
ಯಾವುದಕ್ಕೆ, ಎಂಬುದನ್ನು
ನನ್ನ ತಲೆಗೆ ಕಟ್ಟಿ ಎಲ್ಲರೂ ಊಟಕ್ಕೆ ಎದ್ದರು.

ಇರುವುದು ಪಿಎಚ್‌ಪಿ. ಹದಿನೆಂಟು ವರ್ಷದ ಹಿಂದೆ
ಯೂಲೊ ಬರೆದದ್ದು. ಕೋಡಿನ ನಡುವೆ
ತನಗೆ ತಾನೇ ಹೇಳಿಕೊಂಡ ಒಂದು ಸಾಲು:
"ಇದನ್ನು ಮುಟ್ಟಬೇಡ. ಯಾಕೋ ಗೊತ್ತಿಲ್ಲ, ನಡೆಯುತ್ತಿದೆ."
ನಡೆದಿದೆ, ಬಿರುಗಾಳಿಯ ರಾತ್ರಿಯಲ್ಲೂ,
ಕೆಮ್ಮುತ್ತ, ಕುಂಟುತ್ತ.

ಹೊಸದನ್ನು ತಂದವಳು ಕೆರ್ತು.
ಅದು ಹುಟ್ಟಿ ಎಂಟು ತಿಂಗಳು.
ರೆಪ್ಪೆ ಬಡಿಯುವಷ್ಟರಲ್ಲಿ ಪುಟ ತೆರೆದು ತೋರಿಸಿದಳು.
"ಹೊಸದರಲ್ಲಿ ಎಲ್ಲರೂ ಎತ್ತೆತ್ತಿ ಒಗೆಯುತ್ತಾರೆ"
ಎಂದ ಯೂಲೊ,
ಕಾಫಿಗೆ ಸಕ್ಕರೆ ಹಾಕಿ, ಕಲಕದೆ.

ಫೆಬ್ರವರಿ. ಸಮುದ್ರ ಹೆಪ್ಪುಗಟ್ಟಿ ರಸ್ತೆಯಾಗಿತ್ತು.
ಸಂಜೆ ಕಾರನ್ನು ಅದರ ಮೇಲಿಳಿಸಿದೆ.
ಹಳೆಯ ಮಂಜುಗಡ್ಡೆ ಬೆಳ್ಳಗೆ, ದಪ್ಪ,
ಮೈತುಂಬ ಗಾಳಿಗುಳ್ಳೆ.
ಹೊಸದು ಕಪ್ಪು, ತೆಳು, ಗಟ್ಟಿ;
ಕೆಳಗಿನ ನೀರು ಕಾಣುತ್ತದಲ್ಲ,
ಅದಕ್ಕೇ ಭಯ.
ಎರಡರ ಮೇಲೂ ಚಕ್ರ ಉರುಳಿತು.
ದಾರಿಯ ಬಾಯಲ್ಲೇ ಫಲಕ ಹೇಳಿತ್ತು:
ಸೀಟು ಬೆಲ್ಟು ಕಟ್ಟಬೇಡಿ.
ಒಡೆದರೆ ಹೊರಗೆ ಹಾರಬೇಕಲ್ಲ.

ಬೆಳಿಗ್ಗೆ ಇಬ್ಬರನ್ನೂ ಕೂರಿಸಿ ಕೇಳಿದೆ:
"ನಾಳೆಯೇ ಇದನ್ನು ಬಿಟ್ಟು ಹೊರಡುವುದಾದರೆ
ನಮ್ಮ ವೇಳಾಪಟ್ಟಿ, ಪ್ರಯಾಣಿಕರ ಹೆಸರು,
ಕಾಯ್ದಿರಿಸಿದ ಕಾರು, ನಾಯಿ, ಸೈಕಲ್ಲು
ಎಲ್ಲ ಎತ್ತಿಕೊಳ್ಳಲು ಎಷ್ಟು ಹೊತ್ತು?"

ಕೆರ್ತು ಬೆರಳು ಮಡಿಸತೊಡಗಿದಳು,
ಮೂರನೆಯದಕ್ಕೆ ನಿಂತಳು.
ಯೂಲೊ ಕಿಟಕಿಯಾಚೆ ನೋಡುತ್ತ ಕೂತ.
ಹದಿನೆಂಟು ವರ್ಷದಲ್ಲಿ
ಈ ಪ್ರಶ್ನೆಯನ್ನು ಅವನಿಗೆ
ಯಾರೂ ಕೇಳಿರಲಿಲ್ಲ.